ಪತ್ರ ಒಯ್ಯುವವನ ಕಣ್ಣು

ಮೈಸೂರಿನ ದೊರೆ ಚಿಕ್ಕದೇವರಾಜ ಒಡೆಯರು (1673-1704) ತಮ್ಮ ರಾಜ್ಯದಲ್ಲಿ ಅಂಚೆಯ ಏರ್ಪಾಡು ಮಾಡಿದರೆಂದು ನಾವೆಲ್ಲ ಶಾಲೆಯ ಪುಸ್ತಕದಲ್ಲಿ ಓದಿದ್ದೇವೆ. ಆ ಏರ್ಪಾಡಿನ ಇನ್ನೊಂದು ಮುಖವನ್ನು ಶಾಲೆಯ ಪುಸ್ತಕ ಸಾಮಾನ್ಯವಾಗಿ ಹೇಳುವುದಿಲ್ಲ. 19ನೇ ಶತಮಾನದ ಆರಂಭದಲ್ಲಿ ಮೈಸೂರಿನ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ತಮ್ಮ ಚರಿತ್ರೆಯ ಪುಸ್ತಕದಲ್ಲಿ ಅದನ್ನು ಬರೆದಿಟ್ಟಿದ್ದಾರೆ. ಮೈಸೂರಿನ ಅಂಚೆ ಸುದ್ದಿಯನ್ನು ಒಯ್ಯುವ ಸಾಧನವಷ್ಟೇ ಆಗಿರಲಿಲ್ಲ, ಸುದ್ದಿಯನ್ನು ಕಲೆಹಾಕುವ ಸಾಧನವೂ ಆಗಿತ್ತು. ಅಂಚೆಯ ಮುಖ್ಯಸ್ಥರು ಆಸ್ಥಾನದ ನಂಬಿಗಸ್ತರು, ಕೆಳಗಿನ ನೌಕರರು ಗೂಢಚಾರರು. ತಮ್ಮ ಸೀಮೆಯ ಒಳಗುಟ್ಟುಗಳನ್ನು ಕಾಲಕಾಲಕ್ಕೆ ವರದಿ ಮಾಡುವುದು ಅವರ ಕೆಲಸ ಎನ್ನುತ್ತಾರೆ ವಿಲ್ಕ್ಸ್. ಹೈದರಲಿ ಈ ಪದ್ಧತಿಯನ್ನು ಇನ್ನಷ್ಟು ಪಳಗಿಸಿದನೆಂದೂ ಹೇಳುತ್ತಾರೆ. ವಿಲ್ಕ್ಸ್ ಕಂಪೆನಿಯ ಅಧಿಕಾರಿ ಎಂಬುದನ್ನು ನಾವು ಮರೆಯುವಂತಿಲ್ಲ. ದೇಶೀಯ ರಾಜರ ಕುರಿತು ಅವರ ಮಾತನ್ನು ತೂಗಿ ನೋಡಿಯೇ ಸ್ವೀಕರಿಸಬೇಕು. ಆದರೂ ಈ ಮಾತನ್ನು ತಳ್ಳಿಹಾಕಲು ಕಾರಣ ಕಾಣುವುದಿಲ್ಲ. ಯಾಕೆಂದರೆ ಲೋಕದ ಬಹುತೇಕ ಎಲ್ಲ ಹಳೆಯ ಅಂಚೆಗಳ ಕಥೆಯೂ ಇದೇ.

ಇಸ್ಲಾಮೀ ಇತಿಹಾಸದಲ್ಲಿ ಇದಕ್ಕೆ 'ಬರೀದ್' ಎಂದು ಹೆಸರು. ಉಮವೀ ಕಾಲದಲ್ಲಿ ಮುಆವಿಯಾ ಅದನ್ನು ಸಂಘಟಿಸಿದರು, ಅಬ್ದುಲ್ ಮಲಿಕ್ ವಿಸ್ತರಿಸಿದರು ಎಂದು ಇತಿಹಾಸಕಾರರು ಬರೆಯುತ್ತಾರೆ. ಅಬ್ಬಾಸೀ ಖಲೀಫರ ಕಾಲಕ್ಕೆ ಬರುವಾಗ ಪ್ರತಿ ಪ್ರಾಂತದಲ್ಲೂ 'ಸಾಹಿಬುಲ್ ಬರೀದ್' ಎಂಬ ಅಧಿಕಾರಿಯಿದ್ದ. ಕುದುರೆ, ಹೇಸರಗತ್ತೆಗಳನ್ನು ಸಿದ್ಧವಿಡುವುದು, ದಾರಿಯ ಠಾಣೆಗಳನ್ನು ನೋಡಿಕೊಳ್ಳುವುದು ಅವನ ಹೊಣೆ. ಅದರ ಜೊತೆಗೆ ಅಲ್ಲಿನ ರಾಜ್ಯಪಾಲ, ಕಾಝಿ, ತೆರಿಗೆ ಅಧಿಕಾರಿಗಳು ಏನು ಮಾಡುತ್ತಿದ್ದಾರೆಂದು ಬಗ್ದಾದಿಗೆ ಬರೆಯುವುದೂ ಅವನ ಹೊಣೆ. ಭೂಗೋಳ ಗ್ರಂಥಕ್ಕಾಗಿ ಪ್ರಸಿದ್ಧರಾದ ಇಬ್ನ್ ಖುರ್ದಾದ್‌ಬಿಹ್ ಇಂಥದೇ ಹುದ್ದೆಯಲ್ಲಿದ್ದವರು. ದಾರಿಗಳ ಬಗ್ಗೆ ಅವರಿಗೆ ಅಷ್ಟು ಚೆನ್ನಾಗಿ ತಿಳಿದಿದ್ದುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಇಲ್ಲಿದೆ.

ಭಾರತಕ್ಕೆ ಬಂದ ಇಬ್ನ್ ಬತೂತ ಈ ವ್ಯವಸ್ಥೆಯನ್ನು ಸ್ವತಃ ಅನುಭವಿಸಿದರು. 1333ರಲ್ಲಿ ಅವರು ಸಿಂಧೂ ನದಿಯ ದಡ ಮುಟ್ಟಿದಾಗ, ಅವರಿಗಿಂತ ಮೊದಲೇ ಅವರ ಸುದ್ದಿ ದಿಲ್ಲಿಗೆ ಹೊರಟಿತ್ತು. ಹೊಸದಾಗಿ ಬಂದವನ ರೂಪ ಹೇಗಿದೆ, ಉಡುಪು ಎಂಥದು, ಜೊತೆಗೆ ಎಷ್ಟು ಮಂದಿ, ಎಷ್ಟು ಪ್ರಾಣಿಗಳು - ಎಲ್ಲವನ್ನೂ ಸುದ್ದಿಗಾರರು ಮುಹಮ್ಮದ್ ಬಿನ್ ತುಗಲಕನಿಗೆ ಬರೆಯುತ್ತಿದ್ದರು. ಸಿಂಧ್‌ನಿಂದ ದಿಲ್ಲಿಗೆ ಐವತ್ತು ದಿನದ ಪ್ರಯಾಣ. ಅಂಚೆ ಐದು ದಿನದಲ್ಲಿ ತಲುಪುತ್ತಿತ್ತು. ತುದಿಯಲ್ಲಿ ತಾಮ್ರದ ಗೆಜ್ಜೆ ಕಟ್ಟಿದ ಕೋಲು ಹಿಡಿದು ಓಡುವ ಕಾಲಾಳು ಕುದುರೆ ಅಂಚೆಗಿಂತಲೂ ವೇಗವಾಗಿದ್ದನಂತೆ. ಗೆಜ್ಜೆಯ ಸದ್ದು ಕೇಳಿದೊಡನೆ ಮುಂದಿನ ಠಾಣೆಯವನು ಓಡಲು ಸಿದ್ಧನಾಗಿ ನಿಲ್ಲುತ್ತಿದ್ದ. ಇದೇ ಇಬ್ನ್ ಬತೂತ ಮುಂದೆ ನಮ್ಮ ಹೊನ್ನಾವರ, ಮಂಗಳೂರುಗಳನ್ನೂ ಕಂಡರು. ಅವರ ವಿವರಣೆಯನ್ನು ಓದುವಾಗ ಆ ವೇಗಕ್ಕೆ ನಾವು ಬೆರಗಾಗುತ್ತೇವೆ. ಆದರೆ ಆ ವೇಗ ಪ್ರಜೆಗಳಿಗಾಗಿ ಇರಲಿಲ್ಲ. ಪ್ರಜೆಗಳ ಮೇಲೆ ಮತ್ತು ಪರದೇಶಿಗಳ ಮೇಲೆ ಕಣ್ಣಿಡುವುದಕ್ಕಾಗಿ ಇತ್ತು.

ಮುಸ್ಲಿಮ್ ಅರಸರು ಹೀಗೆ ಮಾಡಿದರು ಎಂದ ಮಾತ್ರಕ್ಕೆ ಅದಕ್ಕೆ ಧರ್ಮದ ಒಪ್ಪಿಗೆ ಇತ್ತೆಂದು ತಿಳಿಯಬೇಕಾಗಿಲ್ಲ. ಇತರರ ಗುಟ್ಟುಗಳನ್ನು ಕೆದಕುವುದನ್ನು ಕುರ್‌ಆನ್‌ನ ಅಲ್ ಹುಜುರಾತ್ ಅಧ್ಯಾಯ ಸ್ಪಷ್ಟವಾಗಿ ನಿಷೇಧಿಸಿದೆ. ಅಪ್ಪಣೆಯಿಲ್ಲದೆ ಇನ್ನೊಬ್ಬರ ಮನೆಯೊಳಗೆ ಕಾಲಿಡುವಂತಿಲ್ಲ ಎಂಬುದು ಅನ್ನೂರ್ ಅಧ್ಯಾಯದ ವಿಧಿ. ಹಝ್ರತ್ ಉಮರ್(ರ)ರ ಕುರಿತ ಒಂದು ಪ್ರಸಿದ್ಧ ವರದಿಯಿದೆ. ರಾತ್ರಿ ಮದೀನದಲ್ಲಿ ಗಸ್ತು ತಿರುಗುತ್ತಿದ್ದಾಗ ಒಂದು ಮನೆಯೊಳಗಿನ ಸದ್ದು ಕೇಳಿ ಅವರು ಗೋಡೆ ಹತ್ತಿ ಒಳಗಿಳಿದರು. ಒಳಗಿದ್ದವನು ಮದ್ಯದೊಂದಿಗೆ ಸಿಕ್ಕಿಬಿದ್ದ. ಅವನು ಅಂಜದೆ ಉತ್ತರಿಸಿದನಂತೆ: ನಾನು ಮಾಡಿದ್ದು ಒಂದು ತಪ್ಪು, ತಾವು ಮಾಡಿದ್ದು ಮೂರು - ಕದ್ದು ನೋಡಿದಿರಿ, ಬಾಗಿಲಿನಿಂದ ಬರಲಿಲ್ಲ, ಅಪ್ಪಣೆ ಕೇಳಲಿಲ್ಲ. ಖಲೀಫರು ಅವನನ್ನು ಬಿಟ್ಟು ಹೊರಟುಹೋದರು. ಸಹೋದರನ ಪತ್ರವನ್ನು ಅವನ ಅನುಮತಿಯಿಲ್ಲದೆ ನೋಡುವವನು ನರಕಾಗ್ನಿಯನ್ನೇ ನೋಡುತ್ತಾನೆ ಎಂಬರ್ಥದ ಒಂದು ಹದೀಸ್ ಅಬೂದಾವೂದ್ ಸಂಗ್ರಹದಲ್ಲಿದೆ. ಅದರ ವರದಿಗಾರರ ಸರಣಿ ದುರ್ಬಲವೆಂದು ಅಬೂದಾವೂದ್‌ರೇ ಹೇಳಿದ್ದಾರೆ. ಆದರೆ ಅಷ್ಟು ಹಿಂದೆಯೇ ಪತ್ರದ ಗುಟ್ಟು ಒಂದು ನೈತಿಕ ಪ್ರಶ್ನೆಯಾಗಿ ಚರ್ಚೆಯಾಗುತ್ತಿತ್ತು ಎಂಬುದಕ್ಕೆ ಅದು ಸಾಕ್ಷಿ.

ಧರ್ಮ ನಿಷೇಧಿಸಿತು ಎಂದು ಪತ್ರ ಕದ್ದು ಓದುವವರು ಸುಮ್ಮನಾಗಲಿಲ್ಲ. ಹಾಗಾಗಿ ಬರೆಯುವವರು ಗುಪ್ತಲಿಪಿಯ ಮೊರೆಹೋದರು. ಅದನ್ನು ಒಡೆಯುವ ವಿದ್ಯೆಯ ಬಗ್ಗೆ ಇಂದು ಲಭ್ಯವಿರುವ ಅತ್ಯಂತ ಹಳೆಯ ಗ್ರಂಥ 9ನೇ ಶತಮಾನದ ಬಗ್ದಾದಿನ ದಾರ್ಶನಿಕ ಅಲ್ ಕಿಂದಿಯದು. ಒಂದು ಭಾಷೆಯಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆ ಎಂದು ಎಣಿಸಿ ಗುಪ್ತಲಿಪಿಯ ಬೀಗ ತೆರೆಯಬಹುದು ಎಂದು ತೋರಿಸಿದವರು ಅವರು. ಇಂದಿನ ಗಣಿತಜ್ಞರೂ ಅವರನ್ನು ಗೌರವದಿಂದ ನೆನೆಯುತ್ತಾರೆ.

ಈಸ್ಟ್ ಇಂಡಿಯಾ ಕಂಪೆನಿ 1774ರಲ್ಲಿ ತನ್ನ ಟಪಾಲನ್ನು ಸಾರ್ವಜನಿಕರಿಗೂ ತೆರೆಯಿತು. 1837ರ ಕಾನೂನಿನ ಮೂಲಕ ಪತ್ರ ಒಯ್ಯುವ ಹಕ್ಕು ಸರಕಾರದ್ದು ಮಾತ್ರ ಎಂದಾಯಿತು. 1854ರಲ್ಲಿ ದೇಶದ ಯಾವ ಮೂಲೆಗಾದರೂ ಅರ್ಧ ಆಣೆಯಲ್ಲಿ ಹಗುರವಾದ ಪತ್ರ ಕಳುಹಿಸಬಹುದು ಎಂಬ ನಿಯಮ ಬಂತು. ದೂರ ಎಷ್ಟೇ ಇರಲಿ, ದರ ಒಂದೇ. ಜನಸಾಮಾನ್ಯರ ಪಾಲಿಗೆ ಇದು ದೊಡ್ಡ ಉಪಕಾರವೇ. ಮೈಸೂರು ಸಂಸ್ಥಾನದ ಅಂಚೆಯೂ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಳಗೆ ಸೇರಿಹೋಯಿತು. ಇಲಾಖೆ ಹೋದರೂ ಹೆಸರು ನಮ್ಮಲ್ಲಿ ಉಳಿಯಿತು. ಹಳಗನ್ನಡದಲ್ಲಿ 'ಅಂಚೆ' ಎಂದರೆ ಹಂಸ ಎಂಬ ಅರ್ಥವೂ ಇದೆ. ಸುದ್ದಿ ಒಯ್ಯುವ ಹಕ್ಕಿ ಎಂಬ ಕಲ್ಪನೆ ಸುಂದರವೇ. ಗೂಢಚಾರನಿಗೆ ಅಷ್ಟು ಸುಂದರ ಹೆಸರು ಬೇಕಾಗಿರಲಿಲ್ಲ.

ನಮ್ಮ ಇಂದಿನ ವಿಷಯಕ್ಕೆ ಅತ್ಯಂತ ಹತ್ತಿರವಾದುದು 1879ರ ಜುಲೈ 1ರಂದು ಭಾರತದಲ್ಲಿ ಮಾರಾಟಕ್ಕೆ ಬಂದ ಪೋಸ್ಟ್ ಕಾರ್ಡು. ಹತ್ತು ವರ್ಷ ಮೊದಲು ಆಸ್ಟ್ರಿಯ ದೇಶ ಅದನ್ನು ಮೊದಲು ಹೊರತಂದಿತ್ತು. ಯುರೋಪಿನ ಕುಲೀನರು ಮೂಗು ಮುರಿದರು: ನೌಕರರೂ ಓದಬಹುದಾದ ಪತ್ರವನ್ನು ಮರ್ಯಾದಸ್ಥರು ಬರೆಯುವುದುಂಟೇ? ಇಲ್ಲಿ ಅದರ ಬೆಲೆ ಕಾಲಾಣೆ. ಲಕೋಟೆಯ ಅರ್ಧದಷ್ಟು ದರ. ಕಾಲಾಣೆ ಉಳಿಸುವುದಕ್ಕಾಗಿ ಬರೆಯುವವನು ಕೊಟ್ಟದ್ದು ತನ್ನ ಗುಟ್ಟನ್ನು. ಅಂಚೆಯ ಗುಮಾಸ್ತ, ಅಂಚೆಯಣ್ಣ, ದಾರಿಯಲ್ಲಿ ಕಾರ್ಡು ಇಸಿದುಕೊಂಡ ಅಂಗಡಿಯವನು, ಎಲ್ಲರೂ ಓದಬಹುದು. ಓದು ಬಾರದ ಮನೆಗಳಲ್ಲಿ ಅಂಚೆಯಣ್ಣನೇ ಓದಿ ಹೇಳಬೇಕಾಗಿತ್ತು.

ನಮ್ಮ ಜನ ಕಾರ್ಡನ್ನು ಎರಡೂ ಕೈಯಿಂದ ಸ್ವಾಗತಿಸಿದರು. ಅವರು ದಡ್ಡರೇನೂ ಆಗಿರಲಿಲ್ಲ. ಕಾರ್ಡಿನಲ್ಲಿ ಏನು ಬರೆಯಬೇಕು, ಏನು ಬರೆಯಬಾರದು ಎಂಬ ವಿವೇಕ ಬಹುಬೇಗ ಬೆಳೆಯಿತು. ಕ್ಷೇಮ ಸಮಾಚಾರ, ಹೆರಿಗೆಯ ಸುದ್ದಿ, ಮಳೆ ಬೆಳೆ, ಹೊರಡುವ ದಿನ - ಇಷ್ಟು ಕಾರ್ಡಿಗೆ. ಸಾಲದ ವಿಷಯ, ಹೆಣ್ಣು ನೋಡುವ ಮಾತು, ಅಣ್ಣತಮ್ಮಂದಿರ ಪಾಲಿನ ಜಗಳ ಲಕೋಟೆಗೆ. ಅದಕ್ಕಿಂತಲೂ ಗಹನವಾದುದನ್ನು ಬರೆಯುವುದೇ ಇಲ್ಲ. 'ಉಳಿದ ವಿಷಯ ಮುಖತಃ' ಎಂದು ಮುಗಿಸುವುದು. ಮರಣವಾರ್ತೆಯ ಕಾರ್ಡನ್ನು ಓದಿದ ಕೂಡಲೇ ಹರಿದು ಹಾಕುವ ರೂಢಿ ಹಲವು ಕಡೆ ಇತ್ತು. ತಂತಿಯ ವಿಷಯದಲ್ಲೂ ಹೀಗೆಯೇ. ಟೆಲಿಗ್ರಾಂ ಕಳುಹಿಸಬೇಕಾದರೆ ಗುಮಾಸ್ತ ಅದನ್ನು ಓದಲೇಬೇಕು, ಓದದೆ ಕಳುಹಿಸುವ ವಿಧಾನವೇ ಇಲ್ಲ. ಹಾಗಾಗಿ ವ್ಯಾಪಾರಿಗಳು ತಮ್ಮೊಳಗೆ ಸಂಕೇತ ಪದಗಳನ್ನು ಗೊತ್ತುಮಾಡಿಕೊಂಡರು. ಸಂಕೇತದಿಂದ ಗುಟ್ಟೂ ಉಳಿಯಿತು, ಪದಕ್ಕಿಷ್ಟು ಎಂದು ತೆರುವ ದುಡ್ಡೂ ಉಳಿಯಿತು.

ಇಲ್ಲಿ ನಾವು ಗಮನಿಸಬೇಕಾದ ಒಂದು ಅಂಶವಿದೆ. ಆ ಕಾಲದ ಮನುಷ್ಯನಿಗೆ ಸಂದೇಶ ಕಳುಹಿಸಲು ಒಂದೇ ದಾರಿ ಇರಲಿಲ್ಲ, ನಾಲ್ಕಿದ್ದವು. ಯಾವುದೂ ಪೂರ್ತಿ ಸುರಕ್ಷಿತವಲ್ಲ ಎಂದು ಅವನಿಗೆ ಗೊತ್ತಿತ್ತು. ಯಾರಿಂದ ಅಡಗಿಸಬೇಕು ಎಂದು ಯೋಚಿಸಿ ಅವನು ದಾರಿ ಆರಿಸುತ್ತಿದ್ದ. ನೆರೆಮನೆಯವನಿಂದಾದರೆ ಲಕೋಟೆ ಸಾಕು. ಸರಕಾರದಿಂದಾದರೆ ಸಾಲದು, ಯಾಕೆಂದರೆ 1885ರ ಟೆಲಿಗ್ರಾಫ್ ಕಾನೂನು ಮತ್ತು 1898ರ ಅಂಚೆ ಕಾನೂನು ಸಂದೇಶವನ್ನು ತಡೆದು ನೋಡುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿದ್ದವು.

ಸರಕಾರದಿಂದ ಅಡಗಿಸಬೇಕಾದವರು ಏನು ಮಾಡಿದರು ಎಂಬುದಕ್ಕೆ ಸ್ವಾತಂತ್ರ್ಯ ಹೋರಾಟದಲ್ಲಿ ಒಂದು ಹೃದಯವಿದ್ರಾವಕ ಅಧ್ಯಾಯವಿದೆ. 1916ರ ಜುಲೈ. ದೇವ್‌ಬಂದಿನ ಶೈಖುಲ್ ಹಿಂದ್ ಮೌಲಾನಾ ಮಹ್‌ಮೂದುಲ್ ಹಸನ್ ಹಿಜಾಝಿನಲ್ಲಿದ್ದರು. ಅವರ ಶಿಷ್ಯ ಮೌಲಾನಾ ಉಬೈದುಲ್ಲಾ ಸಿಂಧಿ ಕಾಬೂಲಿನಲ್ಲಿದ್ದರು. ಅಲ್ಲಿ ರಾಜಾ ಮಹೇಂದ್ರ ಪ್ರತಾಪರು ಅಧ್ಯಕ್ಷರಾಗಿ, ಮೌಲಾನಾ ಬರ್ಕತುಲ್ಲಾ ಪ್ರಧಾನಿಯಾಗಿ ಭಾರತದ ತಾತ್ಕಾಲಿಕ ಸರಕಾರ ಸ್ಥಾಪನೆಯಾಗಿತ್ತು. ಅದರ ಯೋಜನೆಗಳನ್ನು ಗುರುಗಳಿಗೆ ತಿಳಿಸಬೇಕು. ಬ್ರಿಟಿಷರ ಅಂಚೆಯನ್ನು ನಂಬುವಂತಿಲ್ಲ. ಉಬೈದುಲ್ಲಾ ಹಳದಿ ರೇಷ್ಮೆಯ ತುಂಡುಗಳ ಮೇಲೆ ಪತ್ರ ಬರೆದರು. ಕಾಗದ ಸದ್ದು ಮಾಡುತ್ತದೆ, ರೇಷ್ಮೆ ಅಂಗಿಯ ಒಳಪದರದಲ್ಲಿ ಸದ್ದಿಲ್ಲದೆ ಕೂರುತ್ತದೆ. ಅಬ್ದುಲ್ ಹಕ್ ಎಂಬ ನಂಬಿಕೆಯ ಯುವಕ ಅದನ್ನು ಸಿಂಧ್‌ನ ಹೈದರಾಬಾದಿನಲ್ಲಿದ್ದ ಶೈಖ್ ಅಬ್ದುರ್ರಹೀಮರಿಗೆ ತಲುಪಿಸಬೇಕು. ಅಲ್ಲಿಂದ ಅದು ಮದೀನಕ್ಕೆ ಹೋಗಬೇಕು.

ಗಡಿಯ ಕಾವಲುಗಾರರಿಗೆ ಪತ್ರ ಸಿಗಲಿಲ್ಲ. ಅಂಚೆ ಕಚೇರಿಯ ಯಾವ ಗುಮಾಸ್ತನೂ ಅದನ್ನು ನೋಡಲಿಲ್ಲ. ಅಬ್ದುಲ್ ಹಕ್ ದಾರಿಯಲ್ಲಿ ಮುಲ್ತಾನಿನ ರಬ್ ನವಾಝ್ ಖಾನ್ ಎಂಬ ತನ್ನ ಹಳೆಯ ಯಜಮಾನನ ಮನೆಗೆ ಹೋದ. ಆ ಖಾನ್ ಬಹಾದ್ದೂರರ ಗಂಡುಮಕ್ಕಳು ಕಾಬೂಲಿಗೆ ಓಡಿಹೋದ ವಿದ್ಯಾರ್ಥಿಗಳ ಗುಂಪಿನಲ್ಲಿದ್ದರು. ತಂದೆ ಮಕ್ಕಳ ಬಗ್ಗೆ ವಿಚಾರಿಸುತ್ತಾ ವಿಚಾರಿಸುತ್ತಾ ಪತ್ರಗಳನ್ನು ಹೊರತೆಗೆಸಿ ಬ್ರಿಟಿಷ್ ಅಧಿಕಾರಿಗಳ ಕೈಗಿಟ್ಟರು. ಅನಂತರದ ಕಥೆ ಎಲ್ಲರಿಗೂ ತಿಳಿದದ್ದೇ. ಸರಣಿ ಬಂಧನಗಳಾದವು. ಶೈಖುಲ್ ಹಿಂದ್ ಮತ್ತು ಮೌಲಾನಾ ಹುಸೈನ್ ಅಹ್ಮದ್ ಮದನಿ ಹಿಜಾಝಿನಲ್ಲಿ ಸೆರೆಯಾಗಿ 1917ರಲ್ಲಿ ಮಾಲ್ಟಾ ದ್ವೀಪಕ್ಕೆ ಸಾಗಿಸಲ್ಪಟ್ಟರು. 1920ರಲ್ಲಿ ಬಿಡುಗಡೆಯಾದ ವೃದ್ಧ ಗುರುಗಳು ಅದೇ ವರ್ಷದ ನವೆಂಬರ್‌ನಲ್ಲಿ ತೀರಿಕೊಂಡರು. 1918ರ ರೌಲಟ್ ಸಮಿತಿಯ ವರದಿಯಲ್ಲಿ ಈ ರೇಷ್ಮೆ ಪತ್ರಗಳ ಪ್ರಕರಣಕ್ಕೆ ಪ್ರತ್ಯೇಕ ಸ್ಥಾನವಿದೆ. 2013ರಲ್ಲಿ ಭಾರತ ಸರಕಾರ ಈ ಆಂದೋಲನದ ನೆನಪಿಗೆ ಅಂಚೆಚೀಟಿ ತಂದಿತು. ಅಂಚೆಯನ್ನು ನಂಬದೆ ಹೋದ ಪತ್ರಕ್ಕೆ ಅಂಚೆ ಇಲಾಖೆಯೇ ಚೀಟಿ ಅಂಟಿಸಿದಂತಾಯಿತು.

ಸ್ವಾತಂತ್ರ್ಯ ಬಂದಿತು. ಬ್ರಿಟಿಷರ ಕಾನೂನುಗಳು ಹೋಗಲಿಲ್ಲ. 1986ರಲ್ಲಿ ರಾಜೀವ್ ಗಾಂಧಿ ಸರಕಾರ ಪತ್ರಗಳನ್ನು ತಡೆಯುವ ಅಧಿಕಾರವನ್ನು ವಿಸ್ತರಿಸುವ ಮಸೂದೆಗೆ ಸಂಸತ್ತಿನ ಒಪ್ಪಿಗೆ ಪಡೆಯಿತು. ರಾಷ್ಟ್ರಪತಿ ಝೈಲ್ ಸಿಂಗ್ ಅದಕ್ಕೆ ಸಹಿಯನ್ನೂ ಹಾಕಲಿಲ್ಲ, ಹಿಂದಕ್ಕೂ ಕಳುಹಿಸಲಿಲ್ಲ, ಸುಮ್ಮನೆ ಇಟ್ಟುಕೊಂಡರು. ಕೊನೆಗೆ 2002ರಲ್ಲಿ ಸರಕಾರವೇ ಮಸೂದೆಯನ್ನು ಹಿಂಪಡೆಯಿತು. ಝೈಲ್ ಸಿಂಗರ ಬಗ್ಗೆ ಏನೇನೋ ಹಾಸ್ಯ ಮಾಡುವವರು ಈ ಒಂದು ಕೆಲಸಕ್ಕಾಗಿ ಅವರಿಗೆ ಋಣಿಗಳಾಗಿರಬೇಕು. ನಮ್ಮ ರಾಜ್ಯದಲ್ಲಿ ದೂರವಾಣಿ ಕದ್ದಾಲಿಕೆಯ ಆರೋಪದ ಮೇಲೆ 1988ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ರಾಜೀನಾಮೆ ಕೊಡಬೇಕಾಯಿತು. 1996ರಲ್ಲಿ ಸುಪ್ರೀಂ ಕೋರ್ಟು ಫೋನು ಕದ್ದಾಲಿಕೆಗೆ ಕೆಲವು ಕಡಿವಾಣಗಳನ್ನು ಹಾಕಿತು. ಖಾಸಗಿತನ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಸಾರಿದ್ದು 2017ರ ಆಗಸ್ಟ್ 24ರಂದು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ವಿರುದ್ಧ ಕೋರ್ಟಿನ ಮೆಟ್ಟಿಲೇರುವಾಗ ಅವರು ಎಂಬತ್ತು ದಾಟಿದ್ದರು. ತೀರ್ಪು ಬಂದರೂ 2023ರ ಹೊಸ ಅಂಚೆ ಕಾನೂನಿನಲ್ಲಿ ಪಾರ್ಸೆಲ್, ಪತ್ರಗಳನ್ನು ತಡೆದು ತೆರೆಯುವ ಅಧಿಕಾರ ಹಾಗೆಯೇ ಮುಂದುವರಿದಿದೆ.

ಈ ನಡುವೆ ನಮ್ಮ ಕರಾವಳಿಯಿಂದ ಸಾವಿರಾರು ಯುವಕರು ಕೊಲ್ಲಿ ದೇಶಗಳಿಗೆ ಹೋದರು. 1970-80ರ ದಶಕದಲ್ಲಿ ಅವರ ಪತ್ರಕ್ಕಾಗಿ ಕಾದ ಮನೆಗಳನ್ನು ನಾವು ಬಲ್ಲೆವು. ಪತ್ರ ಬಂದರೆ ಓದುವುದು ಯಾರು? ಶಾಲೆಗೆ ಹೋಗುವ ನೆರೆಮನೆಯ ಹುಡುಗ. ಗಂಡ ಬರೆದ ಮಾತನ್ನು ಹೆಂಡತಿ ಅತ್ತೆ, ನಾದಿನಿಯರ ನಡುವೆ ಕೂತು ಮತ್ತೊಬ್ಬರ ಬಾಯಿಂದ ಕೇಳಬೇಕು. ಅದನ್ನು ತಿಳಿದೇ ಗಂಡ ಬರೆಯುತ್ತಿದ್ದ. ಹೇಳಬೇಕಾದುದನ್ನು ಬರೆಯದೆ ಬಿಡುತ್ತಿದ್ದ. ಆಮೇಲೆ ಕ್ಯಾಸೆಟ್ ಬಂತು. ರಜೆಯಲ್ಲಿ ಊರಿಗೆ ಹೊರಟವನ ಪೆಟ್ಟಿಗೆಯಲ್ಲಿ ಧ್ವನಿ ಬರತೊಡಗಿತು. ಆ ಕ್ಯಾಸೆಟನ್ನೂ ಇಡೀ ಮನೆ ಸುತ್ತ ಕೂತು ಕೇಳುತ್ತಿತ್ತು. ಎಸ್‌ಟಿಡಿ ಬೂತಿನ ಗಾಜಿನ ಗೂಡಿನೊಳಗೆ ನಿಂತರೆ ಒಂದು ಕಣ್ಣು ಓಡುವ ಮೀಟರಿನ ಮೇಲೆ, ಇನ್ನೊಂದು ಕಣ್ಣು ಹೊರಗೆ ಸರದಿಯಲ್ಲಿ ಕಾದವರ ಮೇಲೆ. ಆ ಗಂಡ ಹೆಂಡಿರಿಗೆ ತಮ್ಮಿಬ್ಬರದೇ ಆದ ಮಾತು ಮೊದಲ ಬಾರಿ ಸಿಕ್ಕಿದ್ದು ಮೊಬೈಲಿನಲ್ಲಿ. ಖಾಸಗಿತನ ಎಂದರೆ ತಪ್ಪು ಮಾಡುವವರು ಅಡಗುವ ಜಾಗ ಎಂದು ಹೇಳುವವರು ಈ ಹೆಂಗಸರನ್ನು ಕೇಳಿ ನೋಡಬೇಕು.

2009ರಲ್ಲಿ ಹುಟ್ಟಿದ ವಾಟ್ಸಾಪ್ ಇಲ್ಲಿ ಇಷ್ಟು ಬೇಗ ಮನೆಮಾತಾದುದಕ್ಕೆ ಇದೇ ಕಾರಣ. ಅದರ ಸ್ಥಾಪಕರಲ್ಲೊಬ್ಬರಾದ ಯಾನ್ ಕೌಮ್ ಸೋವಿಯತ್ ಆಡಳಿತದ ಉಕ್ರೇನಿನಲ್ಲಿ ಬೆಳೆದವರು; ಫೋನಿನಲ್ಲಿ ಮಾತಾಡಲು ಹೆದರುವ ಮನೆ ಅವರದಾಗಿತ್ತು. 2014ರಲ್ಲಿ ಫೇಸ್‌ಬುಕ್ 1,900 ಕೋಟಿ ಡಾಲರಿಗೆ ವಾಟ್ಸಾಪನ್ನು ಕೊಳ್ಳುವುದಾಗಿ ಘೋಷಿಸಿತು. 2016ರ ಏಪ್ರಿಲ್‌ನಲ್ಲಿ ಎಲ್ಲ ಸಂದೇಶಗಳಿಗೂ ಗೂಢಲಿಪಿಯ ರಕ್ಷಣೆ ಬಂತು. ಕಳುಹಿಸಿದವನ ಮತ್ತು ಪಡೆದವನ ಫೋನಿನಲ್ಲಿ ಮಾತ್ರ ಸಂದೇಶ ತೆರೆಯುತ್ತದೆ, ನಡುವಿನ ಕಂಪೆನಿಗೂ ಓದಲಾಗದು. ಪತ್ರ ಒಯ್ಯುವವನಿಗೆ ಓದು ಬಾರದಂತೆ ಮಾಡಿದ್ದು ಅಂಚೆಯ ಇತಿಹಾಸದಲ್ಲಿ ಸಣ್ಣ ಸಂಗತಿಯಲ್ಲ. ಆದರೆ ಲಕೋಟೆಯ ಹೊರಮೈ ಕಂಪೆನಿಗೆ ಕಾಣುತ್ತದೆ. ಯಾರು ಯಾರಿಗೆ, ಎಷ್ಟು ಹೊತ್ತಿಗೆ, ಎಷ್ಟು ಸಲ, ಯಾವ ಗುಂಪಿನಲ್ಲಿ. ಇಬ್ನ್ ಬತೂತರ ಬಗ್ಗೆ ತುಗಲಕನಿಗೆ ಹೋದ ವರದಿಯಲ್ಲಿಯೂ ಅವರ ಮನಸ್ಸಿನಲ್ಲಿದ್ದುದೇನೂ ಇರಲಿಲ್ಲ. ಬಂದ ಹೊತ್ತು, ಜೊತೆಗಿದ್ದವರು, ಇಷ್ಟೇ.

2021ರ ಜನವರಿಯಲ್ಲಿ ವಾಟ್ಸಾಪ್ ತನ್ನ ಹೊಸ ನಿಯಮಗಳನ್ನು ಒಪ್ಪಿ ಎಂದಾಗ ಗಲಾಟೆಯೆದ್ದಿತು. ವೈಯಕ್ತಿಕ ಸಂದೇಶಗಳ ಗೂಢಲಿಪಿ ಆಗ ಬದಲಾಗಲಿಲ್ಲ. ಚರ್ಚೆಯಿದ್ದುದು ವ್ಯಾಪಾರ ಸಂಸ್ಥೆಗಳೊಂದಿಗಿನ ಮಾತುಕತೆ ಮತ್ತು ಫೇಸ್‌ಬುಕ್ಕಿನೊಂದಿಗೆ ಮಾಹಿತಿ ಹಂಚಿಕೆಯ ಬಗ್ಗೆ. ಒಪ್ಪು ಇಲ್ಲವೇ ಹೊರಡು ಎಂಬ ಆ ಧೋರಣೆಗಾಗಿ ಭಾರತದ ಸ್ಪರ್ಧಾ ಆಯೋಗ 2024ರಲ್ಲಿ ಅದರ ಒಡೆತನದ ಮೆಟಾ ಕಂಪೆನಿಗೆ 213 ಕೋಟಿ ರೂಪಾಯಿ ದಂಡ ವಿಧಿಸಿತು. ಕಂಪೆನಿ ಮೇಲ್ಮನವಿ ಹೋಯಿತು. ಗಲಾಟೆಯ ದಿನಗಳಲ್ಲಿ ಜನ ಟೆಲಿಗ್ರಾಂ ಕಡೆಗೂ ಸಿಗ್ನಲ್ ಕಡೆಗೂ ಓಡಿದರು. ಟೆಲಿಗ್ರಾಂ ಗುಟ್ಟಿಗೆ ಹೆಸರಾದರೂ ಅದರ ಸಾಮಾನ್ಯ ಮಾತುಕತೆ ಮತ್ತು ಗುಂಪುಗಳಿಗೆ ಈ ರೀತಿಯ ಗೂಢಲಿಪಿ ಇಲ್ಲ, ಪ್ರತ್ಯೇಕವಾಗಿ ಆರಿಸಿಕೊಂಡ 'ರಹಸ್ಯ ಮಾತುಕತೆ'ಗೆ ಮಾತ್ರ ಇದೆ ಎಂಬುದು ಓಡಿದ ಹಲವರಿಗೆ ತಿಳಿದಿರಲಿಲ್ಲ. ಸಿಗ್ನಲ್ ಲಾಭದ ಉದ್ದೇಶವಿಲ್ಲದ ಪ್ರತಿಷ್ಠಾನದ್ದು. 2016ರಲ್ಲಿ ಅಮೆರಿಕದ ನ್ಯಾಯಾಂಗ ಒಬ್ಬ ಬಳಕೆದಾರನ ಮಾಹಿತಿ ಕೇಳಿದಾಗ ಅದರ ಬಳಿ ಕೊಡಲು ಇದ್ದದ್ದು ಖಾತೆ ತೆರೆದ ಮತ್ತು ಕೊನೆಯ ಬಾರಿ ಸಂಪರ್ಕಿಸಿದ ವೇಳೆ ಮಾತ್ರ. ನಮ್ಮ ಅಭಿಪ್ರಾಯದಲ್ಲಿ ಮೂರರಲ್ಲಿ ಹೆಚ್ಚು ನಂಬಬಹುದಾದದ್ದು ಅದೇ. ತೊಂದರೆಯೆಂದರೆ ಅಲ್ಲಿಗೆ ಹೋದರೆ ಮಾತಾಡಲು ಯಾರೂ ಇರುವುದಿಲ್ಲ. 2021ರಲ್ಲಿ ಕೇಂದ್ರ ಸರಕಾರ ಕೊಟ್ಟ ಲೆಕ್ಕದಂತೆ ಭಾರತದಲ್ಲಿ ವಾಟ್ಸಾಪ್ ಬಳಸುವವರು 53 ಕೋಟಿ. ಅಮ್ಮ ಅಲ್ಲಿದ್ದಾರೆ, ಮದ್ರಸದ ಉಸ್ತಾದರು ಅಲ್ಲಿದ್ದಾರೆ, ಮೀನಿನವನೂ ಅಲ್ಲಿದ್ದಾನೆ.

ಅನುಕೂಲದ ಆಸೆ ಎಲ್ಲಿಗೆ ಒಯ್ಯಬಹುದು ಎಂಬುದಕ್ಕೆ ಕೊಲ್ಲಿಯದೇ ಒಂದು ಉದಾಹರಣೆಯಿದೆ. ಯುಎಇಯಲ್ಲಿ ವರ್ಷಗಳ ಕಾಲ ವಾಟ್ಸಾಪ್ ಸಂದೇಶಕ್ಕೆ ಅಡ್ಡಿಯಿರಲಿಲ್ಲ, ಅದರ ಕರೆಗೆ ಮಾತ್ರ ತಡೆ. 2019ರಲ್ಲಿ 'ಟೋಟಾಕ್' ಎಂಬ ಆ್ಯಪ್ ಬಂತು. ಪುಕ್ಕಟೆ ವೀಡಿಯೊ ಕರೆ, ಯಾವ ತಡೆಯೂ ಇಲ್ಲ. ಮನೆಯವರ ಮುಖ ನೋಡಲು ಹಂಬಲಿಸುವ ಅನಿವಾಸಿಗಳಿಗೆ ಇನ್ನೇನು ಬೇಕು? ಅದೇ ವರ್ಷದ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ, ಅದು ಅಲ್ಲಿನ ಸರಕಾರದ ಬೇಹುಗಾರಿಕೆಯ ಸಾಧನ ಎಂದು ವರದಿ ಮಾಡಿತು. ಕಂಪೆನಿ ಅಲ್ಲಗಳೆಯಿತು. ಗೂಗಲ್ ಮತ್ತು ಆ್ಯಪಲ್ ಅದನ್ನು ತಮ್ಮ ಅಂಗಡಿಗಳಿಂದ ತೆಗೆದುಹಾಕಿದವು.

ಗುಟ್ಟಿಗೆ ಇನ್ನೊಂದು ಮುಖವಿದೆ, ಅದನ್ನು ಹೇಳದೆ ಹೋದರೆ ನ್ಯಾಯವಾಗದು. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕಲೇಟ್ ಹಂಚಿದ ತಪ್ಪಿಗೆ ಹೈದರಾಬಾದಿನ ಒಬ್ಬ ಯುವ ಎಂಜಿನಿಯರನನ್ನು ಜನರ ಗುಂಪು ಹೊಡೆದು ಕೊಂದಿತು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವದಂತಿ ಹರಡಿದ್ದು ವಾಟ್ಸಾಪ್ ಗುಂಪುಗಳಲ್ಲಿ. ಅದೇ ತಿಂಗಳು ವಾಟ್ಸಾಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ರವಾನಿಸಬಹುದೆಂಬ ಮಿತಿ ಹಾಕಿತು. ಸಂದೇಶದ ಮೂಲ ಯಾರೆಂದು ಪತ್ತೆಹಚ್ಚಿಕೊಡಬೇಕು ಎಂದು ಸರಕಾರ 2021ರಲ್ಲಿ ನಿಯಮ ಮಾಡಿತು. ಹಾಗೆ ಮಾಡಿದರೆ ಎಲ್ಲರ ಗೂಢಲಿಪಿಯೂ ಮುರಿಯುತ್ತದೆ ಎಂದು ವಾಟ್ಸಾಪ್ ದಿಲ್ಲಿ ಹೈಕೋರ್ಟಿಗೆ ಹೋಯಿತು. ವದಂತಿಗೆ ಬಲಿಯಾದವರಲ್ಲಿ ನಮ್ಮವರೂ ಇದ್ದಾರೆ, ಕದ್ದಾಲಿಕೆಗೆ ಗುರಿಯಾದವರಲ್ಲಿ ನಮ್ಮವರೂ ಇದ್ದಾರೆ. ಆದ್ದರಿಂದ ಎರಡು ಕಡೆಯ ವಾದವೂ ನಮಗೆ ಪುಸ್ತಕದ ವಾದವಲ್ಲ. ಆದರೂ ವದಂತಿ ಹಬ್ಬಿಸಿದವರನ್ನು ಹಿಡಿಯಲು ಗುಂಪಿನೊಳಗಿನ ಸಾಕ್ಷಿಗಳಿರುತ್ತಾರೆ, ಫೋನುಗಳಿರುತ್ತವೆ. ಒಬ್ಬನನ್ನು ಹುಡುಕಲು 53 ಕೋಟಿ ಜನರ ಲಕೋಟೆಗೆ ಗುರುತು ಹಾಕುವುದನ್ನು ನಾವು ಒಪ್ಪಲಾರೆವು.

ಇತ್ತೀಚಿನ ವರ್ಷಗಳಲ್ಲಿ ದೋಷಾರೋಪ ಪಟ್ಟಿಗಳಲ್ಲಿ ವಾಟ್ಸಾಪ್ ಮಾತುಕತೆಗಳನ್ನು ಪುಟಗಟ್ಟಲೆ ಲಗತ್ತಿಸುವುದನ್ನು ನಾವು ಕಾಣುತ್ತೇವೆ. ಅದಕ್ಕಾಗಿ ಗೂಢಲಿಪಿಯನ್ನು ಒಡೆಯಬೇಕಾಗಿಲ್ಲ. ವಶಪಡಿಸಿಕೊಂಡ ಫೋನು ಸಾಕು, ಗುಂಪಿನಲ್ಲಿದ್ದ ಒಬ್ಬ ಸಾಕು. 2019ರಲ್ಲಿ ಪೆಗಾಸಸ್ ಎಂಬ ಬೇಹು ತಂತ್ರಾಂಶ ಭಾರತದ ಪತ್ರಕರ್ತರು, ಹೋರಾಟಗಾರರೂ ಸೇರಿದಂತೆ ಜಗತ್ತಿನ ಸುಮಾರು 1,400 ಮಂದಿಯನ್ನು ಗುರಿಮಾಡಿತ್ತೆಂದು ವಾಟ್ಸಾಪ್ ಮೊಕದ್ದಮೆ ಹೂಡಿತು. ಪೆಗಾಸಸ್ ಕೂಡ ದಾರಿಯಲ್ಲಿ ಸಂದೇಶವನ್ನು ಕದಿಯುವುದಿಲ್ಲ, ಫೋನಿನೊಳಗೇ ಕೂತು ಓದುತ್ತದೆ. ರೇಷ್ಮೆ ಪತ್ರ ಸಿಕ್ಕಿಬಿದ್ದದ್ದೂ ಗಡಿಯಲ್ಲಲ್ಲ, ಪರಿಚಿತರ ಮನೆಯ ಹಜಾರದಲ್ಲಿ.

ನಮ್ಮ ಹಿರಿಯರಿಗೂ ನಮಗೂ ಇರುವ ವ್ಯತ್ಯಾಸವನ್ನು ಇಲ್ಲಿ ನೋಡಬೇಕು. ಕಾರ್ಡಿಗೆ ಯಾವುದು, ಲಕೋಟೆಗೆ ಯಾವುದು, ಮುಖತಃ ಯಾವುದು ಎಂದು ಅವರು ವಿಂಗಡಿಸಿದರು. ನಾವು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುತ್ತೇವೆ. ನಿಕಾಹಿನ ಆಮಂತ್ರಣ, ಮಗಳ ವೈದ್ಯಕೀಯ ವರದಿ, ಆಧಾರ್ ಕಾರ್ಡಿನ ಫೋಟೊ, ಮಸೀದಿ ಕಮಿಟಿಯ ಜಗಳ, ಎಲ್ಲ ಒಂದೇ ಹಸಿರು ಗುಂಡಿಯ ಹಿಂದೆ. ಝಕಾತ್ ಕೇಳಿ ಬಂದವರ ಹೆಸರು, ಮನೆಯ ಸ್ಥಿತಿ, ರೇಶನ್ ಕಾರ್ಡು, ಬ್ಯಾಂಕ್ ಖಾತೆಯ ಸಂಖ್ಯೆ, ಕೆಲವೊಮ್ಮೆ ರೋಗಿಯ ಹಾಸಿಗೆಯ ಚಿತ್ರವನ್ನೂ ಜಮಾಅತಿನ ಗುಂಪಿಗೆ ಹಾಕುವುದನ್ನು ನಾವು ಎಷ್ಟೋ ಊರುಗಳಲ್ಲಿ ನೋಡಿದ್ದೇವೆ. ಹಾಕುವವರ ಉದ್ದೇಶ ಒಳ್ಳೆಯದೇ, ಬೇಗ ನೆರವು ಸಿಗಲಿ ಎಂದು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಕಲಿತ ಸಮುದಾಯ ಪಡೆದವನ ಹೆಸರನ್ನು ಹೀಗೆ ಹಂಚುತ್ತಿದೆ. ಅಂಥ ಅರ್ಜಿಯನ್ನು ಕಮಿಟಿಯ ಇಬ್ಬರು ಕಾಗದದಲ್ಲೇ ಇಟ್ಟುಕೊಂಡರೆ ಅಥವಾ ಸಿಗ್ನಲ್‌ನಲ್ಲಿ ಅಳಿಸಿಹೋಗುವ ಸಂದೇಶವಾಗಿ ಕಳುಹಿಸಿದರೆ ಹೆಚ್ಚಿಗೆ ಹತ್ತು ನಿಮಿಷ ಹಿಡಿಯಬಹುದು. ವಾಟ್ಸಾಪ್ ಗುಂಪಿನಲ್ಲಿ 2022ರಿಂದ 1,024 ಮಂದಿ ಇರಬಹುದು. ಗೂಢಲಿಪಿ ಆ ಅರ್ಜಿಯನ್ನು ದಾರಿಯುದ್ದಕ್ಕೂ ಕಾಪಾಡಿ ಅಷ್ಟೂ ಫೋನುಗಳಲ್ಲಿ ತೆರೆದಿಡುತ್ತದೆ. ಆ ಫೋನುಗಳಲ್ಲಿ ಹಲವು ರಾತ್ರಿ ತಾವೇ ನಕಲು ಮಾಡಿ ಗೂಗಲ್ಲಿನ ಉಗ್ರಾಣಕ್ಕೆ ಕಳುಹಿಸುತ್ತವೆ. ಆ ನಕಲಿಗೂ ಬೀಗ ಹಾಕುವ ಸೌಲಭ್ಯ 2021ರಲ್ಲೇ ಬಂದಿದೆ, ಆದರೆ ಅದನ್ನು ಬಳಸುವವನೇ ಹುಡುಕಿ ಆನ್ ಮಾಡಬೇಕು.